ಸತ್ಯಬೋಧ ಬಾಯಿ ಬಿಟ್ಟ

ಬೆಳಿಗ್ಗೆ ಆರೂವರೆಗೆ ಬಚ್ಚಲಿನ ಕನ್ನಡಿಯ ಮುಂದೆ ನಿಂತು, ಒಂದು ಕೈಯಲ್ಲಿ ಮೊಬೈಲಿನ ಟಾರ್ಚು ಹಿಡಿದು, ಇನ್ನೊಂದು ಕೈಯ ಬೆರಳುಗಳಿಂದ ಕೆನ್ನೆಯನ್ನು ಸಂತೆಚೀಲದ ಬಾಯಿಯಂತೆ ಅಗಲಿಸಿ ನೋಡಿದಾಗ ಸತ್ಯಬೋಧನಿಗೆ ಅದು ಕಂಡಿತು. ಬೆಳ್ಳಗೆ, ಜೋಳದ ನುಚ್ಚಿನಷ್ಟು, ಹಲ್ಲು ಕಿತ್ತ ಗುಂಡಿಯ ಒಂದು ಮೂಲೆಯಲ್ಲಿ ಕೂತಿತ್ತು.

ನಿನ್ನೆ ಅದು ಇರಲಿಲ್ಲ. ನಿನ್ನೆ ಅವನು ಹದಿನಾಲ್ಕು ಸಲ ನೋಡಿದ್ದ. ಮೊನ್ನೆ ಬೆಳಿಗ್ಗೆಯಂತೂ ಅಲ್ಲಿ ಹಲ್ಲೇ ಇತ್ತು.

“ಶುಭದಾ!” ಎಂದು ಹೆಂಡತಿಯನ್ನು ಕೂಗಿದ. ಕೂಗಿದ ಎಂದರೆ ಹೆಚ್ಚಾಯಿತು; ಹೊರಗೆ ಬಂದದ್ದು “ಹುಹಹಾ” ಅಷ್ಟೆ. ನೋಡುವುದಕ್ಕೆ ಬಾಯಿ ತೆರೆಯಬಹುದು, ಮಾತಿಗೆ ತೆರೆಯಬಾರದು ಎಂಬುದು ಮೂರು ದಿನಗಳಿಂದ ಅವನೇ ತನಗೆ ಮಾಡಿಕೊಂಡ ಕಾನೂನು. ದವಾಖಾನೆಯಲ್ಲಿ ಕೊಟ್ಟ ಹಾಳೆಯಲ್ಲಿ ಅಂಥದ್ದೇನೂ ಇರಲಿಲ್ಲ. ಅದರಲ್ಲಿ ಇದ್ದದ್ದು ಏಳೇ ಸೂಚನೆ: ಜೋರಾಗಿ ಉಗುಳಬೇಡಿ, ಬಿಸಿ ತಿನ್ನಬೇಡಿ, ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟಿರುತ್ತದೆ, ಅದನ್ನು ಕೆಣಕಬೇಡಿ, ಹೀಗೆ. ಆ ಏಳಕ್ಕೆ ಸತ್ಯಬೋಧ ಸ್ವಂತದ್ದು ಹನ್ನೊಂದು ಸೇರಿಸಿದ್ದ. ಸೀನಬಾರದು. ಬಗ್ಗಬಾರದು. ಆ ಮಗ್ಗುಲಿಗೆ ಮಲಗಬಾರದು. ಇನ್ನೊಂದು ಮಗ್ಗುಲಿಗೆ ಮಲಗಿದರೂ ಗುಂಡಿಯ ಬಗ್ಗೆ ಯೋಚನೆ ಬಿಡಬಾರದು.

ಮಾತು ನಿಲ್ಲಿಸುವುದು ಬೇರೆಯವರಿಗೆ ಅಷ್ಟು ದೊಡ್ಡ ಸಂಗತಿಯಲ್ಲ. ಆದರೆ ಸತ್ಯಬೋಧ ಕೆರೂರ ಬಸ್ ನಿಲ್ದಾಣದ ಕಂಟ್ರೋಲರ್. ಬಂದ ಬಸ್ಸು, ಹೋದ ಬಸ್ಸು ಬರೆದುಕೊಳ್ಳುವುದು, ಮೈಕಿನಲ್ಲಿ ಕೂಗಿ ಹೇಳುವುದು ಅವನ ಕೆಲಸ. ಬರೆಯುವುದರಲ್ಲಿ ಅವನಿಗೆ ಅಂಥ ಹೆಸರೇನೂ ಇರಲಿಲ್ಲ. ಕೂಗುವುದರಲ್ಲಿ ಇತ್ತು. ಇಪ್ಪತ್ತೊಂದು ವರ್ಷ ಅವನ ದನಿ ಕೇಳಿ ಕೇಳಿ ಕೆರೂರಿನ ಜನ ಬಸ್ಸಿನ ಬೋರ್ಡು ಓದುವುದನ್ನೇ ಬಿಟ್ಟಿದ್ದರು. ಅವನು “ಬಾದಾಮಿ” ಎಂದರೆ ಬಾದಾಮಿಯ ಮಂದಿ ಏಳುತ್ತಿದ್ದರು, “ಬಾಗಲಕೋಟಿ” ಎಂದರೆ ಬಾಗಲಕೋಟೆಯ ಮಂದಿ.

ಅಡಿಗೆಮನೆಯಲ್ಲಿ ಶುಭದಾ ಜೋಳದ ಭಕ್ಕರಿ ಬಡಿಯುತ್ತಿದ್ದಳು. ಒಂದೊಂದು ಬಡಿತವೂ ಸತ್ಯಬೋಧನ ದವಡೆಗೆ ಬಂದು ತಾಗುತ್ತಿತ್ತು.

“ಬಿಳೇದು ಏನೋ ಕಾಣ್ಲಿಕತ್ತದ,” ಎಂದ, ತುಟಿ ಅಲ್ಲಾಡಿಸದೆ.

“ಬಾಯಾಗ ಬಿಳೇದ ಕಾಣೂದರಿ. ಹಸರು ಕಂಡ್ರ ಹೇಳ್ರಿ.”

“ಹೆಪ್ಪು ಜಾರೇದೋ ಏನೋ. ಅದು ಜಾರಿದ್ರ ಒಳಗಿನ ಎಲುಬ ಕಾಣ್ತದಂತ. ನೋಡಿಲ್ಲೆ, ಬಾಯಿ ವಾಸನಿ ಬರ್ತದೇನು?”

ಶುಭದಾ ಹಂಚಿನ ಮೇಲಿನ ಭಕ್ಕರಿ ತಿರುವಿ ಹಾಕಿದಳು. “ಲಗ್ನ ಆದಾಗಿಂದ ಬರ್ತದ. ಅದರಾಗ ಹೊಸಾದು ಯಾವುದು, ಹಳೇದು ಯಾವುದು ಅಂತ ನಾ ಹೆಂಗ ಹೇಳ್ಲಿ?”

ಸತ್ಯಬೋಧನಿಗೂ ನಗು ಬಂತು. ತನ್ನ ಹೆದರಿಕೆ ನಗುವಂಥದ್ದು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ನಕ್ಕರೆ ಹೆಪ್ಪು ಜಾರಬಹುದಿತ್ತು. ನಗುವನ್ನು ಮೂಗಿನಿಂದ ಸಣ್ಣಗೆ ಹೊರಗೆ ಬಿಟ್ಟ.

ಅಷ್ಟರಲ್ಲಿ ಪಕ್ಕದ ಮನೆಯ ಗುರುಲಿಂಗವ್ವ ಕೈಯಲ್ಲಿ ಸಣ್ಣ ಬಟ್ಟಲು ಹಿಡಿದು ಹಿತ್ತಲ ಬಾಗಿಲಲ್ಲಿ ಬಂದು ನಿಂತಳು.

“ಶುಭದಾಬಾಯಿ, ಒಂದೀಟು ಹೆಪ್ಪು ಐತೇನ್ರಿ? ನಂದು ರಾತ್ರಿ ಕೆಟ್ಟ ಹೋಗೈತಿ.”

‘ಹೆಪ್ಪು’, ‘ಕೆಟ್ಟ ಹೋಗೈತಿ’ ಎರಡೂ ಮಾತು ಒಟ್ಟಿಗೆ ಕಿವಿಗೆ ಬಿದ್ದು ಸತ್ಯಬೋಧ ಬೆಚ್ಚಿದ. ಆಕೆ ಕೇಳಿದ್ದು ಮೊಸರಿನ ಹೆಪ್ಪು ಎಂದು ತಿಳಿಯಲು ಅರ್ಧ ನಿಮಿಷ ಹಿಡಿಯಿತು. ಆ ಅರ್ಧ ನಿಮಿಷದಲ್ಲಿ ಗುರುಲಿಂಗವ್ವ ಅವನ ಮುಖ ನೋಡಿ, ಮೊಸರಿನ ಸುದ್ದಿ ಬಿಟ್ಟು ಹಲ್ಲಿನ ಸುದ್ದಿಗೆ ಬಂದಾಗಿತ್ತು.

“ಎಷ್ಟನೇ ದಿನಾರೀ ಆಚಾರ್ರ?”

ಸತ್ಯಬೋಧ ಮೂರು ಬೆರಳು ತೋರಿಸಿದ.

“ಮೂರನೇ ದಿನಾನ ಅದು ಗೊತ್ತಾಗೂದು. ಕಮತಗಿಯಾಗ ನಮ್ಮ ಮೈದುನಗೂ ಹಿಂಗ ಆಗಿತ್ತು. ಹಲ್ಲು ಕಿತ್ತಿದ್ರು. ಮೂರನೇ ದಿನ ಬೆಳ್ಳಗ ಕಂಡಿತ್ತು. ಆಮ್ಯಾಲ ದವಡಿ ಕೊಯ್ದ್ರು.”

“ಈಗ ಹೆಂಗಿದ್ದಾರ?” ಎಂದು ಶುಭದಾ ಕೇಳಿದಳು.

“ಆರಾಮ ಅದಾನ. ಗುರ್ತ ಸಿಗೂದಿಲ್ಲ ಅಷ್ಟ.”

ಸತ್ಯಬೋಧ ಅಲ್ಲೇ ಮಣೆಯ ಮೇಲೆ ಕೂತ. ಕೂತದ್ದೇ ತಡ, ಗುರುಲಿಂಗವ್ವ ತನ್ನ ಮನೆಗೆ ಹೋಗಿ ಲವಂಗದ ಎಣ್ಣೆಯ ಶೀಶೆ ತಂದಳು. ಅಂಗೈ ತುಂಬ ಹತ್ತಿ ತೆಗೆದುಕೊಂಡು, ಎಣ್ಣೆಯಲ್ಲಿ ಅದ್ದಿ, “ಗಾಳಿ ಹೋಗಬಾರದು” ಎನ್ನುತ್ತ ಗಲ್ಲದೊಳಗೆ ತುರುಕಿದಳು. ಗುಂಡಿ ಕಡಲೆಕಾಳಿನಷ್ಟಿತ್ತು, ಹತ್ತಿ ನಿಂಬೆಹಣ್ಣಿನಷ್ಟಿತ್ತು. ಹೊರಗಿನ ಗಾಳಿಗೂ ಬಂದೋಬಸ್ತ್ ಆಗಬೇಕೆಂದು ಶುಭದಾಳಿಂದ ಒಂದು ಉಣ್ಣೆಯ ಮಫ್ಲರ್ ತರಿಸಿ, ಗದ್ದದಿಂದ ನೆತ್ತಿಯವರೆಗೆ ಸುತ್ತಿ ಗಂಟು ಹಾಕಿದಳು. ಹೊರಗೆ ಶಿವರಾತ್ರಿ ಮುಗಿದು ಬಿಸಿಲು ಕಾದ ಹಂಚಿನಂತಾಗಿದ್ದ ಕಾಲ.

“ಹೆಂಗಿದ್ರೂ ನಾ ಇವತ್ತು ಹನ್ನೊಂದರ ಬಸ್ಸಿಗೆ ಕಮತಗಿಗೆ ಹೊಂಟೀನಿ. ಬೇಕಂದ್ರ ಬರ್ರಿ, ಮೈದುನನ್ನ ತೋರಸ್ತೀನಿ,” ಎಂದಳು.

ಸತ್ಯಬೋಧ ತಲೆ ಅಲ್ಲಾಡಿಸಿ ಬೇಡ ಎಂದ. ಶುಭದಾ ಬಾಗಲಕೋಟೆಯ ನವನಗರದಲ್ಲಿದ್ದ ಹಲ್ಲಿನ ದವಾಖಾನೆಗೆ ಫೋನು ಮಾಡಿದಳು. ಅಲ್ಲಿ ಚೀಟಿ ಬರೆದುಕೊಳ್ಳುವ ಸವಿತಾ ಎಂಬ ಹುಡುಗಿ ಎತ್ತಿಕೊಂಡು, ಡಾಕ್ಟರು ಪದ್ಮಶ್ರೀ ಮೇಡಂ ಊರಿಗೆ ಹೋಗಿದ್ದಾರೆ, ಹನ್ನೊಂದಕ್ಕೆ ಬಂದುಬಿಡುತ್ತಾರೆ, ಹನ್ನೆರಡರ ಸುಮಾರಿಗೆ ಬನ್ನಿ ಎಂದಳು.

“ಅಲ್ಲೀತನಕ ಇವತ್ತೂ ರಜಾ ಹಾಕಿ ಮನ್ಯಾಗ ಮಲಕೋರಿ,” ಎಂದಳು ಶುಭದಾ.

ಮನೆಯಲ್ಲಿದ್ದರೆ ಗುರುಲಿಂಗವ್ವ ಮೈದುನನ ಫೋಟೋ ತಂದು ತೋರಿಸುತ್ತಾಳೆ ಎಂಬ ಭಯಕ್ಕೆ ಸತ್ಯಬೋಧ ಕೆಲಸಕ್ಕೇ ಹೊರಟ.

ನಿಲ್ದಾಣದ ಕೋಣೆಯಲ್ಲಿ ಜಾಫರಸಾಬ ಇದ್ದ. ಬಸ್ ಪಾಸು ಬರೆದುಕೊಡುವವನು, ಸತ್ಯಬೋಧನ ಹದಿನೈದು ವರ್ಷದ ಜೊತೆಗಾರ. ಒಳಗೆ ಬಂದ ಮಫ್ಲರನ್ನು ನೋಡಿ ಮೊದಲು ಎದ್ದು ನಿಂತು ಸಲಾಮು ಮಾಡಿದ. ಯಾರೆಂದು ಗುರುತು ಸಿಕ್ಕ ಮೇಲೆ ಕೂತ.

“ಏನೋ ಇದು ಸತ್ಯಾ? ಕಾಶ್ಮೀರಕ್ಕ ವರ್ಗಾ ಆಗೇತೇನು?”

ಸತ್ಯಬೋಧ ಒಂದು ಹಾಳೆಯ ಮೇಲೆ ಬರೆದು ತೋರಿಸಿದ: ‘ಗುಂಡಿಯಲ್ಲಿ ಬಿಳಿ. ಹೆಪ್ಪು ಹೋಗಿರಬಹುದು.’

ಜಾಫರಸಾಬ ಒಳ್ಳೆಯವನು. ಒಳ್ಳೆಯವನಾದದ್ದರಿಂದಲೇ ಕೂಡಲೇ ಮೊಬೈಲು ತೆಗೆದ. ಓದುತ್ತ ಓದುತ್ತ ಅವನ ಹುಬ್ಬು ಮೇಲೇರಿತು.

“ಇದಕ್ಕ ಡ್ರೈ ಸಾಕೆಟ್ ಅಂತಾರಂತ. ಮೂರನೇ ದಿನಕ್ಕ ಶುರು ಆಗ್ತೈತಂತ. ನೋವು ಕಿವಿತನಕಾ ಹೋಗ್ತೈತಂತ.”

ಅಲ್ಲಿಯವರೆಗೆ ಸತ್ಯಬೋಧನ ಕಿವಿಯಲ್ಲಿ ಏನೂ ಇರಲಿಲ್ಲ. ಈಗ ಚುಳ್ ಎಂದಿತು.

“ಕಣ್ಣಿನ ಕಡಿಗೂ ಹೋಗಬಹುದಂತ.”

ಕಣ್ಣೂ ಚುಳ್ ಎಂದಿತು.

“ಇದು ಹೆಂಗಸರಿಗೇ ಹೆಚ್ಚಂತ,” ಎಂದು ಓದಿ ಜಾಫರಸಾಬ ತಲೆ ಎತ್ತಿದ. “ಇದು ಬ್ಯಾರೆ ಪೇಜು ಇರಬೇಕು ಬಿಡು.” ಮತ್ತೆ ಕೆಳಗೆ ಓದತೊಡಗಿದ.

ಒಂಬತ್ತೂ ನಲವತ್ತಕ್ಕೆ ಎರಡು ಬಸ್ಸು ಒಟ್ಟಿಗೆ ಬಂದು ನಿಂತವು. ಒಂದು ಬಾದಾಮಿಗೆ, ಒಂದು ಬಾಗಲಕೋಟೆಗೆ. ಬಾದಾಮಿ ಬಸ್ಸು ನಿಲ್ಲುವ ಒಂದನೇ ಪ್ಲಾಟ್‌ಫಾರ್ಮಿನಲ್ಲಿ ಇನ್ನೊಂದು ಬಸ್ಸು ಗಾಲಿ ಬಿಚ್ಚಿಕೊಂಡು ನಿಂತಿದ್ದರಿಂದ ಅದು ಬಾಗಲಕೋಟೆಯ ಎರಡನೇ ಪ್ಲಾಟ್‌ಫಾರ್ಮಿಗೆ ಬಂದಿತ್ತು. ಬಾಗಲಕೋಟೆಯದು ಮೂರಕ್ಕೆ ಸರಿದಿತ್ತು. ಇಂಥ ಹೊತ್ತಿಗೇ ಸತ್ಯಬೋಧನ ದನಿ ಬೇಕಾಗುತ್ತಿದ್ದುದು. ಹೊರಗೆ ನೂರು ಜನ ಚೀಲ, ಗಂಟು, ಮಕ್ಕಳನ್ನು ಎತ್ತಿಕೊಂಡು, ಧ್ವನಿವರ್ಧಕದ ಕಡೆ ಕಿವಿ ಕೊಟ್ಟು ನಿಂತಿದ್ದರು.

ಅವನು ಮೈಕಿನ ಗುಂಡಿ ಒತ್ತಿದ. ಬಾಯಲ್ಲಿ ನಿಂಬೆಹಣ್ಣಿನಷ್ಟು ಹತ್ತಿ, ಗದ್ದಕ್ಕೆ ಗುರುಲಿಂಗವ್ವನ ಗಂಟು. ದವಡೆ ತೆರೆಯುವ ಹಾಗಿಲ್ಲ.

“ಬಾಆಓಈ! ಬಾಆಓಈ!” ಎಂದು ಕೂಗಿತು ಧ್ವನಿವರ್ಧಕ. “ಊಅಅಏ ಆಆಆಊ!” ತುಸು ತಡೆದು, “ಬಾಆಈ! ಬಾಆಈ! ಎಅಅಅಏ ಆಆಆಊ!”

ಹೊರಗೆ ಒಂದು ಕ್ಷಣ ಯಾರೂ ಅಲುಗಲಿಲ್ಲ. ಆಮೇಲೆ, ಇಪ್ಪತ್ತೊಂದು ವರ್ಷದ ನಂಬಿಕೆಯಿಂದ, ಎಲ್ಲರೂ ಒಟ್ಟಿಗೆ ಅಲುಗಿದರು. ತನಗೆ ಬೇಕಾದ ಊರಿನ ಹೆಸರೇ ಕೇಳಿಸಿತು ಎಂದು ಪ್ರತಿಯೊಬ್ಬನಿಗೂ ಖಾತ್ರಿಯಿತ್ತು. ಅರ್ಧ ಮಂದಿ ಬಲಕ್ಕೆ ಓಡಿದರು, ಅರ್ಧ ಎಡಕ್ಕೆ. ನಡುವೆ ಡಿಕ್ಕಿ ಹೊಡೆದವರು ಯಾರು ತಳ್ಳಿದರೋ ಅವರ ಬಸ್ಸು ಹತ್ತಿದರು.

ಕಿಟಕಿಯ ಜಾಳಿಗೆಯ ಆಚೆ ನಾಲ್ಕೈದು ಮುಖ ಬಂದವು. ಒಬ್ಬ ಮುದುಕ ಕೇಳಿದ, ಒಬ್ಬ ರೈತ ಕೇಳಿದ. ಹೆಗಲಿಗೆ ಚೀಲ ಹಾಕಿಕೊಂಡಿದ್ದ ಒಬ್ಬ ಹೆಣ್ಣುಮಗಳು ಎರಡನೇ ಪ್ಲಾಟ್‌ಫಾರ್ಮಿನ ಕಡೆ ಕೈ ಮಾಡಿ, “ಬಾಗಲಕೋಟಿ ಬಸ್ಸು ಅದೇನ್ರಿ?” ಎಂದಳು. ಆ ಹೊತ್ತಿಗೇ ಜಾಫರಸಾಬ ಬೆನ್ನ ಹಿಂದಿನಿಂದ, “ಬಾಯಾಗ ಕೆಟ್ಟ ರುಚಿ ಬರ್ತೈತಂತ ನೋಡು,” ಎಂದ. ಸತ್ಯಬೋಧ ನಾಲಿಗೆಯನ್ನು ಹತ್ತಿಯ ಸುತ್ತ ಆಡಿಸಿ ರುಚಿ ನೋಡಿದ. ಬಂತು, ಕೆಟ್ಟ ರುಚಿ. “ಹೂಂ,” ಎಂದ. ಹೆಣ್ಣುಮಗಳು ಥ್ಯಾಂಕ್ಸ್ ಹೇಳಿ ಎರಡನೇ ಪ್ಲಾಟ್‌ಫಾರ್ಮಿಗೆ ಓಡಿದಳು.

ಎರಡೂ ಬಸ್ಸು ತುಂಬಿ ತುಳುಕಿ ಹೊರಟವು. ಕಾಲು ತಾಸಿನಲ್ಲಿ ಫೋನು ಬಂತು. ಬಾದಾಮಿ ಬಸ್ಸಿನ ಕಂಡಕ್ಟರ್ ಶಿವಪ್ರಕಾಶ.

“ಏನ್ರೀ ಸರ್, ಏನ ಕೂಗಿ ಕಳಿಸೀರಿ? ಬಾಗಲಕೋಟಿಗೆ ಹೋಗಾವರು ಹದಿನೆಂಟು ಮಂದಿ ಸಿಕ್ಕಾರ ಇಲ್ಲಿತನಕ! ಇನ್ನೂ ಅರ್ಧ ಬಸ್ಸಿಗೆ ಟಿಕೀಟ ಕೊಟ್ಟಿಲ್ಲ. ಒಬ್ಬ ಅಜ್ಜ ನನ್ನ ಕಾಲರ್ ಹಿಡದು ನಿಂತಾನ.”

“ಆಆಆಅ—” ಎಂದ ಸತ್ಯಬೋಧ.

“ಏನ್ರಿ? ಫೋನ್ ಕಟ್ ಆಗಾಕತ್ತೈತಿ!”

ಎರಡನೆಯ ಫೋನು ಬಾಗಲಕೋಟೆ ಬಸ್ಸಿನದು. ಅಲ್ಲಿ ಬಾದಾಮಿಯವರು ಇಪ್ಪತ್ತೊಂದು ಮಂದಿ. ಅವರಲ್ಲಿ ಒಬ್ಬ ಕೋರ್ಟಿಗೆ ಹೊರಟಿದ್ದ ವಕೀಲ, ಬಸ್ಸಿನಲ್ಲೇ ಕಾನೂನು ಹೇಳತೊಡಗಿದ್ದ. ಹತ್ತೂವರೆ ಹೊತ್ತಿಗೆ ಎರಡೂ ರಸ್ತೆಗಳಿಂದ ಜನ ಗಂಟು ಹೊತ್ತು, ಬಿಸಿಲಲ್ಲಿ ಬೆವರುತ್ತ, ಕೆರೂರಿಗೆ ನಡೆದು ವಾಪಸ್ಸು ಬರುತ್ತಿದ್ದರು. ದೂರದಿಂದ ನೋಡಿದರೆ ಪಾದಯಾತ್ರೆಯಂತೆ ಇತ್ತು. ಹತ್ತಿರ ಬಂದ ಮೇಲೆ ಅವರು ಆಡುತ್ತಿದ್ದ ಮಾತು ಯಾತ್ರೆಯ ಮಾತಲ್ಲ ಎಂದು ತಿಳಿಯುತ್ತಿತ್ತು.

ಜಾಫರಸಾಬ ಮೈಕು ಕಸಿದುಕೊಂಡ. “ಲೇ, ನೀ ಇಲ್ಲಿ ಇದ್ರ ನಿನ್ನ ದವಡಿ ಡ್ರೈ ಸಾಕೆಟ್ಟಿಂದ ಹೋಗೂದಿಲ್ಲ, ಈ ಮಂದಿ ಕೈಯಾಗ ಹೋಗ್ತೈತಿ. ಹಿಂದಿನ ಬಾಗಲದಿಂದ ಹೋಗು. ಹನ್ನೊಂದರ ಬಸ್ಸು ಹತ್ತು. ಸಾಹೇಬ್ರು ಕೇಳಿದ್ರ ನಾ ಸಂಭಾಳಸ್ತೀನಿ.”

ಸತ್ಯಬೋಧನಿಗೆ ನಾಚಿಕೆಯಾಯಿತು. ಒಂದು ಹಲ್ಲಿನ ಗುಂಡಿಗಾಗಿ ಒಂದು ತಾಲೂಕನ್ನೇ ದಾರಿ ತಪ್ಪಿಸಿದ್ದೇನಲ್ಲ ಎನಿಸಿತು. ಹೊರಗೆ ಹೋಗಿ ಎಲ್ಲರ ಕ್ಷಮೆ ಕೇಳೋಣ ಎಂದೂ ಎನಿಸಿತು. ಆದರೆ ಕ್ಷಮೆ ಕೇಳಲು ಬಾಯಿ ತೆರೆಯಬೇಕಾಗಿತ್ತು. ಹಿಂದಿನ ಬಾಗಿಲಿನಿಂದ ಹೋಗಿ ಬಸ್ಸು ಹತ್ತಿದ.

ಬಸ್ಸಿನಲ್ಲಿ ಗುರುಲಿಂಗವ್ವ ಕಿಟಕಿ ಪಕ್ಕ ಕೂತು, ಅವನಿಗಾಗಿ ಚೀಲವಿಟ್ಟು ಜಾಗ ಹಿಡಿದಿದ್ದಳು.

“ಬರ್ರಿ ಆಚಾರ್ರ, ಬರ್ರಿ. ಈಗ ಇವರಿಗೆ ನಿಮ್ಮದ ಹೇಳಾಕತ್ತಿದ್ದೆ.”

‘ಇವರು’ ಎಂದರೆ ಮುಂದಿನ ಮೂರು ಸಾಲು, ಹಿಂದಿನ ಎರಡು ಸಾಲು. ಎಲ್ಲರೂ ಅವನನ್ನು ಸತ್ತವನ ಮನೆಗೆ ಬಂದವರಂತೆ ನೋಡುತ್ತಿದ್ದರು.

“ಬಾಯಿ ತಗೀರಿ, ಎಲ್ಲಾರೂ ನೋಡೂಣು,” ಎಂದು ಎದುರಿನ ಸೀಟಿನ ದಪ್ಪ ಮೀಸೆಯವನು ಮೊಬೈಲಿನ ಟಾರ್ಚು ಹಚ್ಚಿದ. ಇನ್ನೆರಡು ಟಾರ್ಚು ಹತ್ತಿದವು. ಬೇಡ ಎನ್ನಲು ಸತ್ಯಬೋಧ ಬಾಯಿ ತೆರೆದ, ಅದೇ ಸಾಕಾಯಿತು. ಗುರುಲಿಂಗವ್ವ ಮಫ್ಲರಿನ ಗಂಟು ಸಡಿಲಿಸಿ ಹತ್ತಿ ಹೊರಗೆಳೆದಳು. ಐದಾರು ತಲೆಗಳು ಒಳಗೆ ಬಗ್ಗಿದವು.

“ಎಲುಬ,” ಎಂದ ಮೀಸೆಯವನು.

“ಎಲುಬಲ್ಲ, ಅನ್ನದ ಅಗಳು,” ಎಂದಳು ಹಿಂದಿನ ಸೀಟಿನ ಹೆಂಗಸು.

“ಅಗಳು ಅಷ್ಟು ದೊಡ್ಡದು ಇರ್ತೈತೇನವಾ? ಎಲುಬ ಅದು.”

“ನಾ ದಿನಾ ಅನ್ನಾ ಮಾಡ್ತೀನಿ. ನೀ ದಿನಾ ಎಲುಬ ನೋಡ್ತಿಯೇನು?”

ಎರಡು ನಿಮಿಷದಲ್ಲಿ ಬಸ್ಸು ಎರಡು ಪಕ್ಷವಾಯಿತು. ಎಲುಬಿನವರು ಎಡಗಡೆ, ಅಗಳಿನವರು ಬಲಗಡೆ. ಟಿಕೆಟ್ ಕೊಡುತ್ತ ಬಂದ ಕಂಡಕ್ಟರನನ್ನೂ ಬಗ್ಗಿಸಿ ನೋಡಿಸಿದರು. ಆತ ಸ್ವಲ್ಪ ಹೊತ್ತು ನೋಡಿ, ತಾನು ಸರಕಾರಿ ನೌಕರ, ಯಾವ ಪಕ್ಷಕ್ಕೂ ಹೇಳುವಂತಿಲ್ಲ ಎಂದು ಮುಂದೆ ಹೋದ. ಒಂದೊಂದು ರಸ್ತೆ ಉಬ್ಬು ಬಂದಾಗಲೂ ಸತ್ಯಬೋಧನ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಬಡಿದು, ಟಾರ್ಚಿನವರು, “ಗಟ್ಟಿ ಹಿಡ್ಕೋರಿ!” ಎನ್ನುತ್ತಿದ್ದರು. ಬಾಗಲಕೋಟೆ ಬಂದಾಗ ಎಲುಬಿನವರೇ ಬಹುಮತದಲ್ಲಿದ್ದರು. ಗುರುಲಿಂಗವ್ವ ಹತ್ತಿಯನ್ನು ವಾಪಸ್ಸು ತುರುಕಿ, “ಧೈರ್ಯಾ ಬಿಡಬ್ಯಾಡ್ರಿ. ದವಡಿ ಇಲ್ಲದನೂ ಮಂದಿ ಬಾಳ್ವೆ ಮಾಡ್ತಾರ,” ಎಂದು ಹರಸಿ ಕಮತಗಿ ಬಸ್ಸಿಗೆ ಹೋದಳು.

ದವಾಖಾನೆ ಮುಟ್ಟಿದಾಗ ಹನ್ನೆರಡೂ ಕಾಲು. ಹೊರಗಿನ ಬೆಂಚಿನ ಮೇಲೆ ಗಲ್ಲ ಹಿಡಿದ ಇಬ್ಬರು ಕೂತಿದ್ದರು. ಒಳಗಿನ ಕೋಣೆಯ ಬಾಗಿಲು ಹಾಕಿತ್ತು.

“ಮೇಡಂ ಇನ್ನೂ ಬಂದಿಲ್ರಿ,” ಎಂದಳು ಸವಿತಾ. “ಕುಳಗೇರಿ ಕ್ರಾಸ್‌ನ್ಯಾಗ ಅವರ ತವರುಮನಿ. ಮುಂಜಾನೆ ಅಲ್ಲಿಂದ ಕೆರೂರಿಗೆ ಬಂದಾರ. ಅಲ್ಲಿ ಬಸ್ ಸ್ಟ್ಯಾಂಡಿನಾಗ ಯಾವನೋ ಬಾಯಾಗ ಗುಟಕಾ ತುಂಬಿಕೊಂಡು ಏನೇನೋ ಕೂಗ್ಯಾನಂತ. ಕಿಟಕಿಗೆ ಹೋಗಿ ಕೇಳಿದ್ರ ಹೂಂ ಅಂದಾನಂತ. ಬಾದಾಮಿ ಬಸ್ಸು ಹತ್ತ್ಯಾರ. ಗದ್ದಲದಾಗ ಕಂಡಕ್ಟರ್ ಇವರ ಹತ್ರ ಬರೂದರಾಗ ಅರ್ಧ ದಾರಿ ಹೋಗೈತಿ. ತಿರುಗಿ ಬರಾಕ ಬಸ್ಸು ಸಿಗದ ಬಿಸಲಾಗ ರಸ್ತೇದ ಮ್ಯಾಲ ನಿಂತು ಫೋನ್ ಮಾಡಿದ್ರು. ಭಾಳ ಸಿಟ್ಟಿಗೆದ್ದಾರ್ರಿ.”

ಸತ್ಯಬೋಧನಿಗೆ ಜಾಳಿಗೆಯ ಆಚೆಯ ಮುಖ ನೆನಪಾಯಿತು. ಹಲ್ಲು ಕೀಳುವ ದಿನ ಡಾಕ್ಟರು ಮಾಸ್ಕು ಹಾಕಿದ್ದರು, ಇವನು ಕಣ್ಣು ಮುಚ್ಚಿದ್ದ. ಮುಖ ನೋಡಿದವರು ಯಾರು? ಎದ್ದು ಓಡಿಹೋಗೋಣ ಎನಿಸಿತು. ಆದರೆ ಗುಂಡಿಯೊಳಗೆ ಎಲುಬಿತ್ತು, ಬಹುಮತದಿಂದ. ಮಫ್ಲರನ್ನು ಸರಸರನೆ ಬಿಚ್ಚಿ, ಮಡಿಸಿ, ಅದರ ಮೇಲೆ ಕೂತ. ಕೋಳಿ ಕಾವು ಕೂತಂತೆ ಒಂದೂಕಾಲು ತಾಸು ಅಲ್ಲಾಡದೆ ಕೂತಿದ್ದ.

ಡಾಕ್ಟರ್ ಪದ್ಮಶ್ರೀ ಒಂದೂವರೆಗೆ ಬಂದರು. ಚಪ್ಪಲಿಯ ಮೇಲೆ ಕೆಂಪು ಧೂಳು, ಮುಖವೂ ಕೆಂಪು.

“ಸವಿತಾ, ನೀರು. ಆಮ್ಯಾಲ ಕಾಗದ ಪೆನ್ನು. ಅಂವನ ಮ್ಯಾಲ ಕಂಪ್ಲೇಂಟ್ ಬರೀದ ನಾ ಇವತ್ತು ಊಟಾ ಮಾಡೂದಿಲ್ಲ. ಮೊದಲು ಯಾರದಾರ? ಒಳಗ ಬರ್ರಿ.”

ಮೊದಲು ಇದ್ದವನು ಸತ್ಯಬೋಧ, ಫೋನು ಮಾಡಿ ಹೇಳಿಟ್ಟಿದ್ದರಿಂದ. ಕುರ್ಚಿಯಲ್ಲಿ ಹೋಗಿ ಒರಗಿದ. ಹಿಂದೆಯೇ ಸವಿತಾ ಓಡಿ ಬಂದಳು. “ಸರ್, ನಿಮ್ಮ ಮಫ್ಲರ್. ಬೆಂಚಿನ ಮ್ಯಾಲ ಬಿಟ್ಟೀರಿ.”

ಡಾಕ್ಟರು ಮಾಸ್ಕು ಕಟ್ಟಿಕೊಳ್ಳುತ್ತಿದ್ದವರು ಮಫ್ಲರ್ ನೋಡಿದರು. “ಅಂವಾ ಕೆರೂರಾಂವನೂ ಈ ಬಿಸಲಾಗ ಇಂಥದ ಸುತ್ತಿಕೊಂಡಿದ್ದ. ಏನ ಫ್ಯಾಶನ್ ಬಂದೈತೋ ಏನೋ. ಬಾಯಿ ತಗೀರಿ.”

ಸತ್ಯಬೋಧ ಕಣ್ಣು ಮುಚ್ಚಿ ಬಾಯಿ ತೆಗೆದ. ಡಾಕ್ಟರು ಚಿಮಟದಿಂದ ಹತ್ತಿಯ ಉಂಡೆಯನ್ನು ಎತ್ತಿ ಹೊರಗೆ ತೆಗೆದು, ಅದನ್ನೇ ನೋಡುತ್ತ ನಿಂತರು. “ಇದನ್ನ ಯಾರು ಇಟ್ರು? ಹಾಸಗಿ ಹೊಲಿಯಾವರೇನು?”

“ಆಂ,” ಎಂದ.

“ನೀವೂ ಕೆರೂರಾವರಲ್ಲ? ಚೀಟಿಯಾಗ ಬರದೈತಿ. ನಿಮ್ಮ ಬಸ್ ಸ್ಟ್ಯಾಂಡಿನಾಗ ಕೂಗಾಂವ ಯಾರ್ರಿ? ಹೆಸರು ಗೊತ್ತೈತೇನು?”

ಬಾಯಲ್ಲಿ ಸಣ್ಣ ಕನ್ನಡಿ ಇತ್ತು. ಸತ್ಯಬೋಧ ಅದಕ್ಕೆ ಮನಸ್ಸಿನಲ್ಲೇ ಕೈಮುಗಿದ. “ಆಂ ಆಂ,” ಎಂದ.

“ಇರ್ಲಿ, ಆಮ್ಯಾಲ ಹೇಳ್ರಿ.” ದೀಪ ಹತ್ತಿರ ಎಳೆದು, ಒಂದು ನಿಮಿಷ ನೋಡಿದರು. ಆ ಒಂದು ನಿಮಿಷದಲ್ಲಿ ಸತ್ಯಬೋಧ ದವಡೆ ಇಲ್ಲದ ತನ್ನ ಮುಖವನ್ನು ಎದುರಿನಿಂದ, ಪಕ್ಕದಿಂದ, ನೌಕರಿಯ ಗುರುತಿನ ಚೀಟಿಯ ಫೋಟೋದಲ್ಲಿ, ಎಲ್ಲ ಕಡೆಯಿಂದ ನೋಡಿ ಮುಗಿಸಿದ.

“ಭಾಳ ಚಂದ ಮಾಯಾಕತ್ತೈತಲ್ರಿ!” ಎಂದರು ಡಾಕ್ಟರು. ಅವರ ದನಿ ಮೊದಲ ಸಲ ಮೆತ್ತಗಾಗಿತ್ತು. “ಬಿಳೇದು ಅಂತ ಫೋನ್ ಮಾಡಿದ್ರಂತ. ಅದು ಮಾಯುವಾಗ ಬರೂ ಪದರರಿ. ಎಲ್ಲಾರಿಗೂ ಬರ್ತೈತಿ. ಎಲುಬಿಲ್ಲ, ಡ್ರೈ ಸಾಕೆಟ್ ಇಲ್ಲ, ಏನೂ ಇಲ್ಲ. ಪಕ್ಕದ ಹಲ್ಲು ಒಂದು ತುಸು ಹುಳಕಾಗೈತಿ. ಅದಕ್ಕೂ ಅವಸರ ಇಲ್ಲ, ಆರು ತಿಂಗಳು ಬಿಟ್ಟು ನೋಡೂಣು.”

ಸತ್ಯಬೋಧನ ಎದೆಯ ಮೇಲಿಂದ ಬೀಸುವ ಕಲ್ಲು ಇಳಿದಂತಾಯಿತು. ಕಿವಿನೋವು ಹೋಯಿತು. ಕಣ್ಣಿನ ನೋವು ಹೋಯಿತು. ಬಾಯಲ್ಲಿದ್ದ ಕೆಟ್ಟ ರುಚಿ ಬರೀ ಲವಂಗದ ರುಚಿ ಎಂದು ತಿಳಿಯಿತು. ಏಳಲು ಹೊರಟ.

“ಕೂಡ್ರಿ, ಕೂಡ್ರಿ. ನೀವು ಆಂ ಬಿಟ್ರ ಬ್ಯಾರೆ ಏನೂ ಮಾತಾಡವಲ್ರಿ. ನಾಲಿಗಿ ಜೋಮು ಹಿಡದೈತೇನು? ಇಂಜೆಕ್ಷನ್ ಕೊಟ್ಟಾದ ಮ್ಯಾಲ ಒಬ್ಬೊಬ್ಬರಿಗೆ ಹಂಗ ಉಳೀತೈತಿ. ಅದೊಂದು ನೋಡಿಬಿಡೂಣು. ಗಟ್ಟಿಯಾಗಿ ಏನರೆ ಅನ್ರಿ.”

“ಆಂ,” ಎಂದ ಸತ್ಯಬೋಧ ಮತ್ತೆ.

“ಏನರೆ ಅನ್ರಿ. ನನಗ ಇವತ್ತು ತಲ್ಯಾಗ ಒಂದ ಹೆಸರು ಉಳದೈತಿ. ‘ಬಾಗಲಕೋಟಿ’ ಅನ್ರಿ. ಬಾಯಿ ತುಂಬ ಅನ್ರಿ, ಏನೂ ಆಗೂದಿಲ್ಲ. ನಾ ಇದ್ದೀನಿ.”

ಮೆಲ್ಲಗೆ ಒಂದು ಸಲ ಅಂದು ಪಾರಾಗೋಣ ಎಂದುಕೊಂಡು ಸತ್ಯಬೋಧ ಬಾಯಿ ತೆರೆದ. ಆದರೆ ಮೂರು ದಿನ ಕಟ್ಟಿಹಾಕಿದ್ದ ದನಿ ಅದು. ಹತ್ತಿ ಇರಲಿಲ್ಲ, ಗಂಟು ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ‘ಬಾ’ ಎಂಬ ಅಕ್ಷರ ನಾಲಿಗೆಗೆ ಬಂದದ್ದೇ ತಡ, ಕಟ್ಟು ಬಿಚ್ಚಿದ ಕರುವಿನಂತೆ ಅದು ಓಡತೊಡಗಿತು.

“ಬಾಗಲಕೋಟೀ... ಬಾಗಲಕೋಟೀ! ಪ್ರಯಾಣಿಕರ ಗಮನಕ್ಕೆ! ಗದ್ದನಕೇರಿ ಕ್ರಾಸ್ ಮಾರ್ಗವಾಗಿ ಬಾಗಲಕೋಟಿಗೆ ಹೋಗುವ ಬಸ್ಸು ಪ್ಲಾಟ್‌ಫಾರ್ಮ್ ನಂಬರ್ ಎರಡರಲ್ಲಿ ನಿಂತಿದೆ! ಪ್ರಯಾಣಿಕರು ಬೇಗ ಬೇಗ ಹತ್ತಬೇಕು!”

ಗಾಜಿನ ಕಿಟಕಿ ಝಣ್ ಎಂದಿತು. ಹೊರಗೆ ಬೆಂಚಿನ ಮೇಲಿದ್ದ ಇಬ್ಬರೂ ಚೀಲ ಎತ್ತಿಕೊಂಡು ಎದ್ದು ನಿಂತರು.

ಅಂಥ ಸ್ಪಷ್ಟ, ಅಂಥ ಸುಂದರ ಕೂಗನ್ನು ಸತ್ಯಬೋಧ ಇಪ್ಪತ್ತೊಂದು ವರ್ಷದಲ್ಲಿ ಕೂಗಿರಲಿಲ್ಲ. ಕೂಗಿದವನು ತಾನೇ ಎಂದು ತಿಳಿದಾಗ ಕೈಯಿಂದ ಬಾಯಿ ಮುಚ್ಚಿಕೊಂಡ.

ಡಾಕ್ಟರು ಅವನನ್ನು ನೋಡಿದರು. ಸವಿತಾ ಕೈಯಲ್ಲಿದ್ದ ಮಫ್ಲರ್ ನೋಡಿದರು. ತಮ್ಮ ಚಪ್ಪಲಿಯ ಮೇಲಿನ ಧೂಳು ನೋಡಿದರು.

“ನೀವೇನು?” ಎಂದರು.

“ನಾನ್ರಿ ಮೇಡಂ,” ಎಂದ ಸತ್ಯಬೋಧ. ಈಗ ಮಾತು ಸ್ಪಷ್ಟವಾಗಿಯೇ ಬರುತ್ತಿತ್ತು. “ಗುಟಕಾ ಅಲ್ಲರಿ. ಹತ್ತಿ. ತಪ್ಪಾತ್ರಿ. ನಿಮ್ಮನ್ನೊಬ್ಬರನ್ನ ಅಲ್ಲ, ನಲವತ್ತು ಮಂದಿನ್ನ ತಪ್ಪಿಸೇನಿ. ಹೆದರಿಕಿ ನೋಡ್ರಿ. ಹಲ್ಲಿನ ವಿಷಯದಾಗ ನನ್ನ ಬುದ್ಧಿ ಇಷ್ಟ ಅದ.”

ಬೈಯುತ್ತಾರೆ ಎಂದುಕೊಂಡ. ಡಾಕ್ಟರು ಬೈಯಲಿಲ್ಲ. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿದ್ದವು. ಅವು ನಗುತ್ತಿದ್ದವೋ ಏನೋ ತಿಳಿಯಲಿಲ್ಲ. ಕಾಗದ ಪೆನ್ನನ್ನು ಪಕ್ಕಕ್ಕೆ ಸರಿಸಿ, ಹೊಸ ಕೈಗವಸು ಹಾಕಿಕೊಂಡರು.

“ಕಂಪ್ಲೇಂಟ್ ಬರಿಯೂದಿಲ್ಲ, ಬಿಡ್ರಿ,” ಎಂದರು ಸಮಾಧಾನದಿಂದ. “ಆದ್ರ ನೋಡ್ರಿ ಆಚಾರ್ರ, ಆ ಪಕ್ಕದ ಹಲ್ಲು ಅಂದ್ನೆಲ್ಲ? ಆರು ತಿಂಗಳು ಯಾಕ ಕಾಯೂದು? ನೀವು ಇಷ್ಟು ತ್ರಾಸ ತಗೊಂಡು ಬಂದೀರಿ. ನಾನೂ ಇಷ್ಟು ತ್ರಾಸ ತಗೊಂಡು ಬಂದೀನಿ. ಇಬ್ಬರದೂ ವ್ಯರ್ಥ ಆಗಬಾರದು. ಸವಿತಾ, ಇಂಜೆಕ್ಷನ್ ತಯಾರ ಮಾಡು.”

ಸಂಜೆ ಐದಕ್ಕೆ ಸತ್ಯಬೋಧ ಮನೆಯ ಮೆಟ್ಟಿಲು ಹತ್ತಿದ. ಶುಭದಾ ಬಾಗಿಲಲ್ಲೇ ಕಾಯುತ್ತಿದ್ದಳು.

“ಏನಂದ್ರು? ಗುಂಡಿ ನೆಟ್ಟಗ ಅದ ಅಂತೇನು?”

ಹೌದು ಎಂದು ತಲೆ ಆಡಿಸಿದ.

“ಹಂಗಾದ್ರ ಮತ್ತ ಮಾರಿ ಯಾಕ ಹಿಂಗ ಮಾಡೀರಿ?”

ಅವನು ಎರಡು ಬೆರಳು ತೋರಿಸಿದ.

“ಎರಡು ದಿನದಾಗ ಪೂರಾ ಆರಾಮ ಆಗ್ತದಂತ?”

ಅಲ್ಲ ಎಂದು ತಲೆ ಅಲ್ಲಾಡಿಸಿ ಬಾಯಿ ತೆರೆದು ತೋರಿಸಿದ. ಶುಭದಾ ಬಗ್ಗಿ ನೋಡಿದಳು.

“ಅಯ್ಯ ಶಿವನ! ಎರಡನೇದು ಯಾಕ ಕಿತ್ರು?”

ಯಾಕೆ ಎಂದು ಹೇಳಬೇಕಾದರೆ ಬಾದಾಮಿ ಬಸ್ಸಿನಿಂದ ಶುರು ಮಾಡಬೇಕಾಗಿತ್ತು. ಸತ್ಯಬೋಧನ ಬಾಯಲ್ಲಿ ಹತ್ತಿ ಇತ್ತು.